ಕ್ಲಿಪ್ ಹಾಕಿಸಿ 5 ದಿನ ಆಯ್ತು, ಎಲ್ಲರೂ ತಡ್ಕೋ ಅಂತಾರೆ. ಎಷ್ಟು ಅಂತ ತಡ್ಕೊಳ್ಳೋದು?

ನಿದ್ದೆಗೆಟ್ಟವ:
ವಯಸ್ಸು 34. ಈ ವಯಸ್ಸಲ್ಲಿ ಹಲ್ಲಿಗೆ ಕ್ಲಿಪ್ ಯಾಕೆ ಅಂತ ಮನೆಯವರೆಲ್ಲ ಕೇಳಿ ಮುಗಿಸಿದ್ದಾರೆ, ದಯವಿಟ್ಟು ಇಲ್ಲಿ ಅದನ್ನ ಕೇಳಬೇಡಿ. ಮೇಲೂ ಕೆಳಗೂ ಲೋಹದ ಬ್ರಾಕೆಟ್. ಹಾಕಿಸಿಕೊಂಡು ಹೊರಗೆ ಬಂದಾಗ ಏನೂ ಅನ್ನಿಸಲಿಲ್ಲ, ಇಷ್ಟೇನಾ ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯ್ತು. ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿದರೆ ಸಾಕು, ಜೀವ ಹೋಗುತ್ತದೆ. ಮಾರನೇ ದಿನ ಇನ್ನೂ ಜಾಸ್ತಿ.

ಆ ನೋವು ಈಗ ಸ್ವಲ್ಪ ಇಳಿದಿದೆ. ಆದರೆ ನಿನ್ನೆಯಿಂದ ಹೊಸ ಕಾಟ. ಬಲಗಡೆ ಕೆಳಗೆ, ಕೊನೇ ದವಡೆ ಹಲ್ಲಿನ ಹಿಂದೆ ವೈರ್ ತುದಿ ಕೆನ್ನೆಗೆ ಚುಚ್ಚುತ್ತಿದೆ. ನಾಲಿಗೆಯಲ್ಲಿ ಮುಟ್ಟಿದರೆ ಸೂಜಿ ಥರ ಸಿಗುತ್ತದೆ. ಮಾತಾಡಿದರೆ ಗೀರುತ್ತದೆ, ಆಕಳಿಸಿದರೂ ಗೀರುತ್ತದೆ, ಅಲ್ಲೇ ಬಿಳೀ ಹುಣ್ಣು ಬೇರೆ ಆಗಿದೆ. ಹಚ್ಚೋಕೆ ಮೇಣ ಕೊಟ್ಟಿದ್ದಾರೆ, 10 ನಿಮಿಷಕ್ಕೆ ಉದುರಿ ಬಾಯೆಲ್ಲ ಓಡಾಡುತ್ತದೆ. ಮುಂದಿನ ಸಲ ಬರೋಕೆ ಹೇಳಿರೋದು 4 ವಾರ ಬಿಟ್ಟು. ಅಲ್ಲೀವರೆಗೂ ಹೀಗೇನಾ?

ಇನ್ನೊಂದು. ಹಿಂದಿನ ಹಲ್ಲುಗಳ ಮೇಲೆ ನೀಲಿ ಬಣ್ಣದ ಗುಡ್ಡೆ ಥರ ಏನೋ ಅಂಟಿಸಿದ್ದಾರೆ. ಮುಂದಿನ ಹಲ್ಲು ಸೇರೋದೇ ಇಲ್ಲ. ಇದೂ ಮಾಮೂಲಿನಾ?

ಹಳೇಕ್ಲಿಪ್ಪು:
ನಿಮಗಿರೋದು ಒಂದು ನೋವಲ್ಲ, ಎರಡು. ಹಲ್ಲು ತಾಗಿದರೆ ಆಗೋ ನೋವು ತಾನಾಗೇ ಹೋಗುತ್ತದೆ, ಅದನ್ನ ತಡ್ಕೊಳ್ಳಿ. ವೈರ್ ಚುಚ್ಚೋದು ತಾನಾಗೇ ಹೋಗಲ್ಲ, ಅದನ್ನ ಸುಮ್ನೆ ತಡ್ಕೊಂಡು ಕೂರೋದು ದಡ್ಡತನ. ನಾನು ಆ ದಡ್ಡತನ ಮಾಡಿ 12 ದಿನ ಒಂದೇ ಕಡೆ ಅಗಿದಿದ್ದೇನೆ.

ಮೇಣ ಉದುರೋಕೆ ಕಾರಣ ಎಂಜಲು. ಒದ್ದೆ ಲೋಹಕ್ಕೆ ಅದು ಅಂಟಲ್ಲ. ಮೊದಲು ಹಲ್ಲುಜ್ಜಿ, ಕೆನ್ನೆಯನ್ನ ಬೆರಳಲ್ಲಿ ಹೊರಗೆ ಎಳೆದು ಹಿಡಿದು, ಒಣಗಿದ ಹತ್ತಿ ಅಥವಾ ಟಿಶ್ಯೂ ತುಂಡು ಇಟ್ಟು ಆ ಜಾಗ ಪೂರ್ತಿ ಒರೆಸಿ. ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡ ಮೇಣದ ಉಂಡೆ ಬೆರಳಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳಿ, ವೈರ್ ತುದಿ ಮೇಲೆ ಒತ್ತಿ, ಹಲ್ಲಿನ ಸಂದಿಗೆ ಸ್ವಲ್ಪ ಹೋಗೋ ಥರ ಸವರಿ. ಹಾಗೆ ಹಚ್ಚಿದರೆ ಮುಂದಿನ ಊಟದವರೆಗೆ ನಿಲ್ಲುತ್ತದೆ. ಊಟಕ್ಕೆ ಮುಂಚೆ ತೆಗೆದು ಬಿಸಾಕಿ, ಆಮೇಲೆ ಹೊಸದು. ಅಪ್ಪಿತಪ್ಪಿ ನುಂಗಿದರೂ ಏನೂ ಆಗಲ್ಲ.

ಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿ.

ಇಕ್ಕಳ:
ಹಲ್ಲು ಸರಿಮಾಡೋ ಡಾಕ್ಟರ್ ಹತ್ತಿರ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ, ದಿನಾ ಇದೇ ಪ್ರಶ್ನೆ.

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರಲ್ಲ. ಮಧ್ಯದಲ್ಲಿ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇರುತ್ತದೆ. ವೈರ್ ಎಳೆದಾಗ ಒಂದು ಕಡೆ ಆ ಪದರ ಅಮುಕುತ್ತದೆ, ಅಲ್ಲಿ ರಕ್ತ ಓಡಾಡೋದು ಕಡಿಮೆಯಾಗಿ ಉರಿಯೂತ ಶುರುವಾಗುತ್ತದೆ. ಅಮುಕಿದ ಕಡೆ ಮೂಳೆ ಕರಗಿ, ಇನ್ನೊಂದು ಕಡೆ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಹಲ್ಲು ಸರಿಯೋದು ಹೀಗೆ. ಅದಕ್ಕೇ ಕುರ್ಚಿಯಿಂದ ಎದ್ದಾಗ ನೋವಿರಲ್ಲ, ಕೆಲವು ಗಂಟೆ ಬಿಟ್ಟು ಶುರುವಾಗಿ ಒಂದೆರಡು ದಿನಕ್ಕೆ ಜೋರಾಗಿ, ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ನಿಮ್ಮದು ಸರಿಯಾದ ದಾರಿಯಲ್ಲೇ ಇದೆ.

ಮಾತ್ರೆ ಬೇಕಾದರೆ ಹೆಚ್ಚಿನ ಡಾಕ್ಟರುಗಳು ಮೊದಲು ಹೇಳೋದು ಪ್ಯಾರಾಸಿಟಮಾಲ್. ಐಬುಪ್ರೊಫೇನ್ ಉರಿಯೂತವನ್ನೇ ತಗ್ಗಿಸುತ್ತದೆ, ಹಲ್ಲು ಸರಿಯೋಕೆ ಆ ಉರಿಯೂತವೇ ಬೇಕು. ಒಂದೆರಡು ನುಂಗಿದರೆ ಚಿಕಿತ್ಸೆ ಹಾಳಾಗಲ್ಲ, ವಾರಗಟ್ಟಲೆ ಬೇಡ. ಬೇರೆ ಕಾಯಿಲೆಗೆ ಔಷಧಿ ತಗೊಳ್ಳುತ್ತಿದ್ದರೆ ಮೊದಲು ಕೇಳಿ.

ನೀಲಿ ಗುಡ್ಡೆ ಬೇಕಂತಲೇ ಹಾಕಿದ್ದು. ಮೇಲಿನ ಹಲ್ಲು ಕೆಳಗಿನ ಬ್ರಾಕೆಟ್ ಕಚ್ಚಿ ಕಿತ್ತುಹಾಕಬಾರದು ಅಂತ. ನೀವಾಗೇ ಕೆರೆದು ತೆಗೆಯಬೇಡಿ. (ತೆಗೆದವರಿದ್ದಾರೆ!)

ವೈರ್ ವಿಷಯ. ಸೊಟ್ಟ ಹಲ್ಲು ಸಾಲಿಗೆ ಬಂದ ಹಾಗೆ ವೈರ್ ಹಿಂದಕ್ಕೆ ಜಾರಿ ತುದಿ ಹೊರಗೆ ಬರುತ್ತದೆ, ಕೆಲವೊಮ್ಮೆ ಒಂದೇ ಕಡೆಗೆ ಸರಿದಿರುತ್ತದೆ. ಕತ್ತರಿಸೋದು ಐದು ನಿಮಿಷದ ಕೆಲಸ. ಫೋನ್ ಮಾಡಿ, 4 ವಾರ ಕಾಯಬೇಡಿ. ಇಷ್ಟಕ್ಕೆಲ್ಲ ತೊಂದರೆ ಕೊಡೋದಾ ಅಂತ ಸಂಕೋಚಪಟ್ಟು, ಕೆನ್ನೆಯೆಲ್ಲ ಹರಿದುಕೊಂಡು ಬರೋವರನ್ನ ನೋಡಿದರೆ ನಮಗೇ ಬೇಜಾರಾಗುತ್ತದೆ. ಮುಖ ಊದಿಕೊಂಡರೆ, ಜ್ವರ ಬಂದರೆ, ಅಥವಾ ಒಂದೇ ಹಲ್ಲು ರಾತ್ರಿಯೆಲ್ಲ ಮಿಡಿಯುತ್ತಿದ್ದರೆ ಅವತ್ತೇ ತೋರಿಸಿ.

ತಂತಿಬಾಯಿ:
ನಾನು ಉಗುರು ಕತ್ತರಿಸೋ ಕಟ್ಟರ್‌ನಲ್ಲಿ ನಾನೇ ಕತ್ತರಿಸಿಕೊಂಡೆ. ಕತ್ತರಿಸಿದ್ದು ಸರಿಯಾಗೇ ಆಯ್ತು, ಆ ಚೂರು ಎಲ್ಲಿ ಹೋಯ್ತು ಅನ್ನೋದು ಮಾತ್ರ ಇವತ್ತಿಗೂ ಗೊತ್ತಿಲ್ಲ. ನುಂಗಿದೆನೋ, ಸಿಂಕಿಗೆ ಬಿತ್ತೋ. ಎರಡು ದಿನ ಹೊಟ್ಟೆ ಗುಡುಗುಡು ಅಂದರೂ ಹೆದರಿಕೆ. ಹಾಗಾಗಿ ಕತ್ತರಿಸೋಕೆ ಹೋಗಬೇಡಿ. ತೆಳು ವೈರ್ ಆಗಿದ್ದರೆ, ಪೆನ್ಸಿಲ್ ಹಿಂದಿನ ರಬ್ಬರನ್ನ ತೊಳೆದುಕೊಂಡು ತುದಿಯನ್ನ ಮೆಲ್ಲಗೆ ಹಲ್ಲಿನ ಕಡೆಗೆ ಒತ್ತಿ ನೋಡಿ, ಕೆಲವು ಸಲ ಬಗ್ಗುತ್ತದೆ. ಬಗ್ಗದಿದ್ದರೆ ಬಿಟ್ಟುಬಿಡಿ.

ತಣ್ಣೀರು ಬಾಯಲ್ಲಿ ಹಿಡಿದರೂ ಬಿಗಿತ ಸ್ವಲ್ಪ ಹೊತ್ತು ಕಡಿಮೆ ಅನ್ನಿಸುತ್ತಿತ್ತು. ಮನಸ್ಸಿನ ಸಮಾಧಾನ ಅಂದುಕೊಂಡಿದ್ದೆ.

ಇಕ್ಕಳ:
@ತಂತಿಬಾಯಿ ಮನಸ್ಸಿನದಲ್ಲ. ಶುರುವಿನಲ್ಲಿ ಹಾಕೋದು ಸಾಮಾನ್ಯವಾಗಿ ನಿಕ್ಕಲ್ ಟೈಟೇನಿಯಂ ವೈರ್, ಅದರಲ್ಲಿ ಬಾಯಿಯ ಶಾಖಕ್ಕೆ ಬಿಗಿಯಾಗೋ ಜಾತಿ ಒಂದಿದೆ. ತಣ್ಣಗಾದರೆ ಸಡಿಲ ಆಗುತ್ತದೆ, ಬಾಯಿ ಬೆಚ್ಚಗಾದ ಮೇಲೆ ಮತ್ತೆ ಎಳೆಯುತ್ತದೆ. ಐಸ್ ಮಾತ್ರ ಕಡಿಯಬೇಡಿ, ಬ್ರಾಕೆಟ್ ಕಿತ್ತು ಬರುತ್ತದೆ.

ನಿದ್ದೆಗೆಟ್ಟವ:
ಫೋನ್ ಮಾಡಿದೆ, ಇವತ್ತೇ ಬನ್ನಿ ಅಂದರು. ಟಕ್ ಅಂತ ಒಂದು ಸದ್ದು, ಕತ್ತರಿಸಿದ ಚೂರು ಇಕ್ಕಳದಲ್ಲೇ ಸಿಕ್ಕಿಕೊಂಡಿತ್ತು, ಕೈಯಲ್ಲಿ ಹಾಕಿ ತೋರಿಸಿದರು. ಅಕ್ಕಿಕಾಳಿನ ಅರ್ಧ ಕೂಡ ಇಲ್ಲ. ಇದಕ್ಕೆ ಎರಡು ರಾತ್ರಿ ನಿದ್ದೆ ಬಿಟ್ಟೆನಾ! ಮೇಣ ಒರೆಸಿ ಹಚ್ಚಿದ್ದು ಅಲ್ಲಿಗೆ ಹೋಗೋವರೆಗೂ ಅಲ್ಲಾಡಲಿಲ್ಲ. ನೀಲಿ ಗುಡ್ಡೆ ಬಗ್ಗೆಯೂ ಕೇಳಿದೆ, ಇನ್ನೂ ಕೆಲವು ತಿಂಗಳು ಇರುತ್ತದಂತೆ.