ಬೋವಜ್ ಅಂತ ಹೆಸರಿಡಬಹುದಾ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಕ್ರೈಸ್ತ ಕುಟುಂಬ. ಅಣ್ಣ ತನ್ನ ಮಗನಿಗೆ ಬೋವಜ್ ಅಂತ ಹೆಸರಿಡುತ್ತಾನಂತೆ. ಶಾಲೆಯಲ್ಲಿ ಎಲ್ಲರೂ ‘ಬೋಜ’ ಅಂತಾರೆ ಅಂತ ಅಮ್ಮನ ತಕರಾರು. ಈ ಹೆಸರು ಎಲ್ಲಿಂದ ಬಂತು? ಯಾರಾದರೂ ಇಡುತ್ತಾರಾ?

ಉತ್ತರ: ಹೀಬ್ರೂ ಹೆಸರು. ಬೈಬಲಿನ ಬೋವಜ್ ಅಂದರೆ ರೂತಳ ಎರಡನೇ ಗಂಡ, ಬೆತ್ಲೆಹೇಮಿನ ಜಮೀನ್ದಾರ, ದಾವೀದ ರಾಜನ ಮುತ್ತಜ್ಜ. ಜವೆಗೋಧಿ ಕೊಯ್ಲಿನಲ್ಲಿ ತೆನೆ ಆಯಲು ಬಂದ ವಿಧವೆ ರೂತಳಿಗೆ ಸಿಗಲಿ ಅಂತ, ಬೇಕೆಂದೇ ಒಂದಿಷ್ಟು ತೆನೆ ಬಿಡಿಸಿದವನು. ಇಂಥವನ ಹೆಸರು ಬೇಡ ಅಂದರೆ ಹೇಗೆ? ಸೊಲೊಮೋನನ ದೇವಾಲಯದ ಎರಡು ಕಂಬಗಳಲ್ಲಿ ಒಂದಕ್ಕೂ ಇದೇ ಹೆಸರು.

ಉತ್ತರ: ಅರ್ಥದ ಬಗ್ಗೆ ಪಂಡಿತರ ಜಗಳ ಮುಗಿದಿಲ್ಲ. ‘ಬಲ’ ಅಂತ ಕೆಲವರು, ‘ಚುರುಕು’ ಅಂತ ಕೆಲವರು. ಇಸ್ರೇಲಿನಲ್ಲಿ ಈಗಲೂ ಇಡುತ್ತಾರೆ. ಇಂಡೋನೇಷ್ಯಾದ ಫುಟ್‌ಬಾಲ್ ಆಟಗಾರ ಬೋವಜ್ ಸೊಲೊಸ್ಸಾ (ಜನನ 1986) ಪಪುವಾದವನು.

ಉತ್ತರ: ಬೋಜ ಅಂದರೇನಂತೆ? ಭೋಜರಾಜ ಇದ್ದನಲ್ವಾ! ಅಮ್ಮನಿಗೆ ಹಾಗೇ ಹೇಳಿ.