ಸಹಾಯ ಬೇಕು: ದೇವಿಮನೆ ಘಟ್ಟದ ತಿರುವು, ಚಾಲಕರಿಲ್ಲದ ಕಾರು

ನಮಸ್ಕಾರ. ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟವನ್ನು ಸುಮೋದಲ್ಲಿ ಹಾಕಿಕೊಂಡಿದ್ದೇವೆ. ಗಾಡಿ ಸುಮೋ ಅಲ್ಲ, ಜರ್ಮನಿಯ ಉಚಿತ ಟ್ರಾಫಿಕ್ ಸಿಮ್ಯುಲೇಟರ್!

ಅದರಲ್ಲಿ ಚಾಲಕರಿಲ್ಲದ ಕಾರುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಓಡಿಸಿ ನೋಡುತ್ತಿದ್ದೇವೆ. ತಿರುವಿನಾಚೆ ನಿಂತ ಲಾರಿ ಕಾರಿನ ರೇಡಾರ್‌ಗೆ ಕಾಣುವುದಿಲ್ಲ. ಮುಂದಿನ ಕಾರು ಬ್ರೇಕ್ ಒತ್ತಿದ ಕೂಡಲೇ ಹಿಂದಿನವಕ್ಕೆ ರೇಡಿಯೋದಲ್ಲಿ ಹೇಳಿದರೆ, ಅಂತರ ಕಡಿಮೆ ಇದ್ದರೂ ಸಾಲು ಜಗ್ಗಾಡುವುದಿಲ್ಲ. 1997ರಲ್ಲೇ ಸ್ಯಾನ್ ಡಿಯಾಗೋದಲ್ಲಿ 8 ಕಾರುಗಳನ್ನು ಹೀಗೆ ಸಾಲಾಗಿ ಓಡಿಸಿ ತೋರಿಸಿದ್ದರು. ಆದರೆ ಅದು ಅಗಲದ ಹೆದ್ದಾರಿ, ಅಲ್ವಾ?

ನಮ್ಮಲ್ಲಿ ಸಂದೇಶ ಸ್ವಲ್ಪ ತಡವಾದರೂ ಕೊನೆಯ ಕಾರು ಗಕ್ಕನೆ ನಿಲ್ಲುತ್ತದೆ. ಕಾರುಗಳ ನಡುವಿನ ರೇಡಿಯೋ ಸಂದೇಶವನ್ನು ಸುಮೋ ಜೊತೆ ಸೇರಿ ಸಿಮ್ಯುಲೇಟ್ ಮಾಡುವ ವೇನ್ಸ್ ತಂತ್ರಾಂಶದಲ್ಲಿ ಕಟ್ಟಡ ಅಡ್ಡ ಬಂದರೆ ಸಿಗ್ನಲ್ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ ಇದೆ. ಗುಡ್ಡಕ್ಕೆ ಏನು ಮಾಡುವುದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮಳೆಗಾಲದ ಮಂಜಿನಲ್ಲಿ ಘಟ್ಟ ಇಳಿದ ಡ್ಯಾಶ್‌ಕ್ಯಾಮ್ ವಿಡಿಯೋ ಇದ್ದರೂ ಕಳಿಸಿ, ಎಷ್ಟು ಉದ್ದ ಇದ್ದರೂ ಅಡ್ಡಿಲ್ಲ.