‘ರೆಪ್ಲಿಕಾ’ಗೆ ನಕಲಿ ಬಿಟ್ಟು ಬೇರೆ ಪದ ಇದ್ಯಾ? ಜೊತೆಗೆ ಕೋವಿ ಪದಗಳು ಒಂದೆರಡು

ಎಲ್ರಿಗೂ ನಮಸ್ಕಾರ,

ನಮ್ಮಣ್ಣನ ಮಗ ಟೆಕ್ಸಾಸಲ್ಲವ್ನೆ, ಅಲ್ಲಿ ಸೆಕೆಂಡ್ ಹ್ಯಾಂಡಲ್ಲಿ ಒಂದು ರಿವಾಲ್ವರ್ ನೋಡವ್ನೆ, 1851ರ ಕೋಲ್ಟ್ ನೇವಿ ಮಾಡೆಲ್ಲು, ಆದ್ರೆ ಆ ಕಾಲದ್ದಲ್ಲ, ಇಟಲಿಯ ಉಬೆರ್ಟಿ ಕಂಪ್ನಿಯೋರು ಅದೇ ಥರ ಮಾಡಿ ಮಾರೋದು. ಚಿಂತಾಮಣೀಲಿರೋ ನಮ್ಮತ್ತಿಗೆಗೆ ಕನ್ನಡದಲ್ಲಿ ಮೆಸೇಜ್ ಹಾಕವ್ನೆ, "ಹಳೇ ನಕಲಿ ಪಿಸ್ತೂಲು ತಗೊಂತಿದೀನಿ" ಅಂತ. ಅತ್ತಿಗೆ ನಂಗೆ ಫೋನು, "ನೋಡಪ್ಪಾ ಇವ್ನು, ದರೋಡೆಗೇನಾದ್ರೂ ಹೊರಟವ್ನಾ?"

ಅವರ ತಪ್ಪೇನಿಲ್ಲ. ನಮ್ ಪೇಪರಲ್ಲಿ ನಕಲಿ ಪಿಸ್ತೂಲು ಅಂದ್ರೆ ಆಟದ ಸಾಮಾನು ತೋರ್ಸಿ ಸರ ಕಿತ್ಕೊಂಡು ಹೋದ ಸುದ್ದಿನೇ. ಇದ್ರಲ್ಲಿ ನಿಜವಾಗ್ಲೂ ಗುಂಡು ಹಾರ್ತದೆ. ಪ್ರತಿಕೃತಿ ಅಂದ್ರೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲಿ ಇಟ್ಟಂಗೆ ಕೇಳುಸ್ತದೆ. ‘ಹಳೇದು’ ಅಂದ್ರೂ ಗೊಂದಲ, ಹಳೇ ಕಾಲದ್ದಾ, ಯಾರೋ ಬಳಸಿದ್ದಾ? ಅದಕ್ಕೆ ಸೆಕೆಂಡ್ ಹ್ಯಾಂಡೇ ಸಾಕು, ದಯವಿಟ್ಟು ಸಂಸ್ಕೃತದಿಂದ ಏನೂ ತರಬೇಡಿ.

ಬ್ಲಾಕ್ ಪೌಡರ್‌ಗೆ ಅವ್ನು ‘ಕಪ್ಪು ಪುಡಿ’ ಅಂತ ಬರೆದವ್ನೆ, ನಂಗೆ ಹಲ್ಲುಪುಡಿ ನೆನಪಾಯ್ತು. ಪೆಟ್ಲುಪ್ಪು, ಗಂಧಕ, ಇದ್ಲು ಸೇರಿಸಿದ್ದಕ್ಕೆ ನಮ್ಮಲ್ಲಿ ಮದ್ದು ಅಂತ ಪದ ಇದ್ದೇ ಇದ್ಯಲ್ಲ. ನಮ್ತಾತನ ಹತ್ರ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು, ಕಡ್ಲೆಕಾಯಿ ಹೊಲಕ್ಕೆ ಹಂದಿ ಬೀಳ್ತಿದ್ವು ಅಂತ. ಮೂತೀಲಿ ಮದ್ದು ಸುರ್ದು ಗುಂಡು ಹಾಕಿ ಕಡ್ಡೀಲಿ ಜಡ್ದು ಹಿಂದ್ಗಡೆ ಕೇಪು (ಬಡಿದ್ರೆ ಕಿಡಿ ಹಾರಿ ಮದ್ದಿಗೆ ಬೆಂಕಿ ಹಚ್ಚೋ ಪುಟ್ಟ ಟೋಪಿ) ಇಟ್ರೆ ಒಂದು ಈಡು. (ಅಜ್ಜಿಗೆ ಅದು ಯಾವಾಗ್ಲೂ ತುಪಾಕಿನೇ, ತೆಲುಗು ಬೆರೆತ ಸೀಮೆ ನೋಡಿ.) ಈ ರಿವಾಲ್ವರ್ರೂ ಅದೇ ಕಥೆ, ಆರು ಸಲ, ಉರುಳೆಯ (ತಿರುಗೋ ಸಿಲಿಂಡರ್) ಆರು ತೂತಿಗೂ ಮುಂದಿಂದ ಮದ್ದು ತುಂಬಿ ಗುಂಡು ಜಡ್ದು ಹಿಂದೆ ಆರು ಕೇಪು. ಅದಕ್ಕೇ ನನ್ನ ಓಟು ‘ಕೇಪಿನ ರಿವಾಲ್ವರ್’ಗೆ. ಅಮೆರಿಕದ ಫೆಡರಲ್ ಕಾನೂನಲ್ಲಿ ಇಂಥದ್ದು ಬಂದೂಕಿನ ಲೆಕ್ಕಕ್ಕೇ ಬರಲ್ಲ, ನಮ್ ದೇಶದಲ್ಲಾದ್ರೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು, ಅತ್ತಿಗೆಗೆ ಇದನ್ನ ಒಪ್ಸೋಕೆ ಅರ್ಧ ಗಂಟೆ ಹಿಡೀತು.

ಕೊಳ್ಳೋ ಮುಂಚೆ ಏನೇನು ನೋಡ್ಬೇಕು ಅಂತಾನೂ ಬರೆದವ್ನೆ. ಮದ್ದಿನ ಮಸಿ ತೊಳೀದೆ ಬಿಟ್ರೆ ತೇವ ಎಳ್ಕೊಂಡು ಕಬ್ಬಿಣ ತಿಂತದಂತೆ, ಅದಕ್ಕೆ ನಳಿಗೆ ಒಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿ ಇದ್ಯಾ ನೋಡ್ಬೇಕು, ಹಂಗೇ ನಳಿಗೇನ ಹಿಡ್ಕೊಂಡಿರೋ ‘ವೆಡ್ಜ್’ ಸಡಿಲ ಆಗಿದ್ಯಾ ಅಂತ. ಅದು ನಮ್ ನೇಗಿಲಿಗೆ ಹೊಡ್ಯೋ ಬೆಣೆನೇ ಅಲ್ವಾ?

ಈಗ ನಿಮ್ಮನ್ನ ಕೇಳ್ಬೇಕಾಗಿರೋದು. ಆ ಆರು ತೂತಿಗೆ, ಅಂದ್ರೆ ಚೇಂಬರ್‌ಗೆ ಏನನ್ನೋದು? ಕೋಣೆ ಅಂದ್ರೆ ನಗು ಬರ್ತದೆ. ಚೌಕಾಬಾರದ ಥರ ‘ಮನೆ’ ಅನ್ನಬೋದಾ, ಆರು ಮನೆ ಉರುಳೆ ಅಂತ? ಕೇಪು ಕೂರೋ ನಿಪ್ಪಲ್‌ಗೂ ಒಂದು ಪದ ಬೇಕು, ಅವ್ನು ಅದನ್ನೂ ನೇರ ಕನ್ನಡ ಮಾಡಿ ಅವರಮ್ಮನಿಗೆ ಕಳಿಸೋಕೆ ಮುಂಚೆ. ಕೇಪಿನ ಮೇಲೆ ಬಡಿಯೋ ಸುತ್ತಿಗೆಗೆ ತಾತ ‘ಕುದುರೆ’ ಅಂತಿದ್ರು, ಮಾಲೂರು, ಪಾವಗಡ, ಶಿರಾ ಕಡೆಯೋರು ನಿಮ್ಮಲ್ಲೂ ಅದೇನಾ ಅಂತ ಹೇಳಿ.